ಐ2ಸಿ ಸೆನ್ಸರನ್ನು ಕರ್ನಲ್‌ಗೆ ತೋರಿಸಲು ಮೂರು ದಾರಿ: ನನ್ನ ಓಟು ಡಿವೈಸ್ ಟ್ರೀಗೆ

ಮೊದಲೇ ಹೇಳಿಬಿಡುತ್ತೇನೆ, ಲಿನಕ್ಸ್ ಓಡುವ ಪುಟ್ಟ ಬೋರ್ಡಿಗೆ ಸೆನ್ಸರ್ ಸೇರಿಸುವ ವಿಷಯದಲ್ಲಿ ನಾನು ಡಿವೈಸ್ ಟ್ರೀ (ಬೋರ್ಡಿನಲ್ಲಿ ಯಾವ ಚಿಪ್ ಎಲ್ಲಿದೆ ಅಂತ ಬರೆದಿಡುವ ವಿವರಣೆ) ಪಕ್ಷ. ಈಚೆಗೆ ಕೊಂಡ ಅಗ್ಗದ ತಾಪಮಾನ ಸೆನ್ಸರ್ ಒಂದು ಚೆನ್ನಾಗಿ ಸತಾಯಿಸಿತು. ಅದರ ದೆಸೆಯಿಂದ ಮೂರೂ ದಾರಿ ನೋಡಿದ್ದಾಯಿತು. ಪಕ್ಷ ಮಾತ್ರ ಬದಲಾಗಿಲ್ಲ.

ಯುಎಸ್‌ಬಿ ಅಥವಾ ಪಿಸಿಐ ಆಗಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ. ಅಲ್ಲಿ ಸಾಧನವೇ ತನ್ನ ವೆಂಡರ್ ಐಡಿ (ತಯಾರಕರ ಗುರುತು) ಹೇಳುತ್ತದೆ. ಎರಡು ತಂತಿಯ ಮೇಲೆ ಚಿಪ್‌ಗಳನ್ನು ವಿಳಾಸದಿಂದ ಮಾತಾಡಿಸುವ ಐ2ಸಿ ಬಸ್ಸಿನಲ್ಲಿ ಹಾಗಿಲ್ಲ. ಹೆಕ್ಸ್ 48 ವಿಳಾಸದಲ್ಲಿ ಯಾವುದೋ ಚಿಪ್ ಇದೆ ಅಂತ ಗೊತ್ತಾಗಬಹುದು, ಯಾವ ಚಿಪ್ ಅಂತ ಲಿನಕ್ಸಿನ ತಿರುಳಾದ ಕರ್ನಲ್‌ಗೆ ನಾವೇ ಹೇಳಬೇಕು. ಡ್ರೈವರ್ (ಚಿಪ್ಪಿನ ಜೊತೆ ಮಾತಾಡುವ ಕೋಡ್) ಒಂದು ಕಡೆಯಿಂದ ನೋಂದಣಿಯಾಗುತ್ತದೆ, ಡಿವೈಸ್ ಇನ್ನೊಂದು ಕಡೆಯಿಂದ. ಎರಡೂ ತಾಳೆಯಾದರೆ ಡ್ರೈವರಿನ ಪ್ರೋಬ್, ಅಂದರೆ ಚಿಪ್ಪನ್ನು ಸಿದ್ಧಪಡಿಸುವ ಫಂಕ್ಷನ್, ಓಡುತ್ತದೆ. ಡಿವೈಸನ್ನು ಹೇಗೆ ನೋಂದಾಯಿಸುವುದು ಅನ್ನೋದೇ ಇಲ್ಲಿನ ಪ್ರಶ್ನೆ.

ಎಲ್ಲಕ್ಕಿಂತ ಸುಲಭದ್ದು, ಕರ್ನಲ್ ತನ್ನ ಒಳಗಿನದನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ 'ನ್ಯೂ_ಡಿವೈಸ್' ಫೈಲ್. ಚಿಪ್ ಹೆಸರು ಮತ್ತು ವಿಳಾಸ, ಎರಡನ್ನೂ ಒಂದು ಸಾಲಿನಲ್ಲಿ ಅದಕ್ಕೆ ಎಕೋ ಮಾಡಿದರೆ (ಆ ಕಮಾಂಡಿನಿಂದ ಬರೆದರೆ) ಆಯಿತು. ಬಸ್ಸಿನ ವಿಳಾಸಗಳನ್ನು ಪಟ್ಟಿಮಾಡುವ ಐ2ಸಿಡಿಟೆಕ್ಟ್ ಓಡಿಸಿದರೆ ಆವರೆಗೆ 48 ಅಂತಿದ್ದ ಜಾಗದಲ್ಲಿ 'ಯುಯು' ಕಾಣುತ್ತದೆ. ಅಂದರೆ ಡ್ರೈವರ್ ಆ ವಿಳಾಸವನ್ನು ಹಿಡಿದುಕೊಂಡಿದೆ. ಚಿಪ್ ಜೀವಂತ ಇದೆಯಾ ಅಂತ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ರೀಬೂಟ್ ಆದರೆ ಎಲ್ಲ ಹೋಯಿತು, ಸ್ಕ್ರಿಪ್ಟ್ ಬರೆದಿಡಬೇಕು. ಇಂಟರಪ್ಟ್ (ಚಿಪ್ ತಾನೇ ಪ್ರೊಸೆಸರನ್ನು ಎಚ್ಚರಿಸುವ ಸಂಕೇತ) ಯಾವ ಪಿನ್ನಿನಲ್ಲಿದೆ ಅಂತ ಹೇಳಲು ಇಲ್ಲಿ ಜಾಗವೇ ಇಲ್ಲ. ನನ್ನ ಸೆನ್ಸರಿನ ಅಲರ್ಟ್ ಪಿನ್ ಹಾಗೇ ಸುಮ್ನೆ ಕೂತಿತ್ತು.

ಎರಡನೆಯದು, ಸಿ ಕೋಡಿನಲ್ಲೇ ಡಿವೈಸ್ ಹುಟ್ಟಿಸುವ ಪುಟ್ಟ ಮಾಡ್ಯೂಲ್. ಅಡಾಪ್ಟರನ್ನು (ಬಸ್ ನಡೆಸುವ ಕಂಟ್ರೋಲರ್) ಅದರ ನಂಬರ್ ಕೊಟ್ಟು ಹಿಡಿದುಕೊಂಡು, ಬೋರ್ಡ್ ಇನ್ಫೋ (ಚಿಪ್ಪಿನ ಹೆಸರು, ವಿಳಾಸ) ತುಂಬಿಸಿ, ಕ್ಲೈಂಟ್ ಮಾಡುವ ಫಂಕ್ಷನ್ ಕರೆದರೆ ಆಯಿತು. ಇಂಟರಪ್ಟ್ ಕೊಡಬಹುದು. ಆದರೆ ಮಾಡ್ಯೂಲ್ ಲೋಡ್ ಆಗುವಾಗ ಅಡಾಪ್ಟರ್ ಇನ್ನೂ ಬಂದಿರದಿದ್ದರೆ ಕೈಗೆ ಸಿಗುವುದು ನಲ್, ಅಂದರೆ ಏನೂ ಇಲ್ಲ. ಬಸ್ ನಂಬರ್ ಬೇರೆ ಬೋರ್ಡಿನಲ್ಲಿ ಬದಲಾದರೆ ಮತ್ತೆ ಕಂಪೈಲ್. ಎಆರ್‌ಎಂ ಪ್ರೊಸೆಸರಿನ ಬೋರ್ಡುಗಳಿಗೆ ಕರ್ನಲ್‌ನಲ್ಲೇ ಬರೆಯುತ್ತಿದ್ದ ಬೋರ್ಡ್ ಫೈಲುಗಳು ಇದೇ ಜಾತಿಯವು. ಆ ಕೋಡ್ ರಾಶಿ ಬಿದ್ದದ್ದಕ್ಕೆ 2011ರಲ್ಲಿ ಲಿನಕ್ಸ್ ಕರ್ತೃ ಲಿನಸ್ ಟೊರ್ವಾಲ್ಡ್ಸ್ ರೇಗಿದ್ದು, ಆಮೇಲೆ ಎಆರ್‌ಎಂ ಮಂದಿ ಡಿವೈಸ್ ಟ್ರೀ ಕಡೆ ವಾಲಿದ್ದು ಹಳೇ ಕಥೆ.

ಮೂರನೆಯದೇ ಡಿವೈಸ್ ಟ್ರೀ. ಬಸ್ಸಿನ ನೋಡ್ ಕೆಳಗೆ ಸೆನ್ಸರಿಗೊಂದು ನೋಡ್, ಅದರಲ್ಲಿ ವಿಳಾಸ, ಇಂಟರಪ್ಟ್, 'ಕಂಪ್ಯಾಟಿಬಲ್' ಅನ್ನುವ ಗುರುತಿನ ಸಾಲು. ಅಡಾಪ್ಟರ್ ನೋಂದಣಿಯಾದಾಗ ಕೆಳಗಿನ ಡಿವೈಸುಗಳನ್ನು ಕರ್ನಲ್ ತಾನೇ ಹುಟ್ಟಿಸುತ್ತದೆ, ಯಾರು ಮೊದಲು ಅನ್ನೋ ಚಿಂತೆ ಇಲ್ಲ.

ಇಷ್ಟೆಲ್ಲ ಹೊಗಳಿದ ಡಿವೈಸ್ ಟ್ರೀಯೇ ಈ ಸಲ ಕೈಕೊಟ್ಟಿತು. ಬೂಟ್ ಆದ ಮೇಲೆ ಸಿಸ್‌ಎಫ್‌ಎಸ್‌ನಲ್ಲಿ ಡಿವೈಸ್ ಇದೆ, ಡ್ರೈವರ್ ಇಲ್ಲ. ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್ ಕಮಾಂಡ್ ಕೈಯಾರೆ ಹೊಡೆದರೆ ತಕ್ಷಣ ಕೆಲಸ ಮಾಡುತ್ತದೆ. ರೀಬೂಟ್ ಮಾಡಿದರೆ ಮತ್ತೆ ಇಲ್ಲ. ಇನ್ನೂ ತಮಾಷೆ ಅಂದರೆ, ಅದೇ ಮಾಡ್ಯೂಲ್ 'ನ್ಯೂ_ಡಿವೈಸ್' ದಾರಿಯಲ್ಲಿ ತಾನಾಗಿಯೇ ಲೋಡ್ ಆಗುತ್ತಿತ್ತು! ಡಿಮೆಸೇಜ್‌ನಲ್ಲಿ (ಕರ್ನಲ್ ಲಾಗ್) ಒಂದು ಎರರ್ ಕೂಡ ಇಲ್ಲ.

ಗುಟ್ಟು ಇದ್ದದ್ದು, ಯಾವ ಮಾಡ್ಯೂಲ್ ಬೇಕು ಅಂತ ಸೂಚಿಸುವ ಡಿವೈಸಿನ ಮಾಡ್‌ಅಲಿಯಾಸ್ ಫೈಲಿನಲ್ಲಿ. 'ನ್ಯೂ_ಡಿವೈಸ್' ಮೂಲಕ ಬಂದಾಗ ಅದು 'ಐ2ಸಿ:' ಅಂತ ಶುರುವಾಗುತ್ತದೆ, ಡಿವೈಸ್ ಟ್ರೀ ಮೂಲಕ ಬಂದಾಗ 'ಒಎಫ್:' ಅಂತ. ಹೊಸ ಡಿವೈಸ್ ಬಂದಾಗ ಎಚ್ಚೆತ್ತುಕೊಳ್ಳುವ ಯುಡೆವ್ ಪ್ರೋಗ್ರಾಂ ಮಾಡ್ಯೂಲ್ ಲೋಡ್ ಮಾಡಿಸುವುದು ಈ ಸಾಲು ಹಿಡಿದುಕೊಂಡು. ಸೆನ್ಸರ್ ಮಾರಿದವರು ಕೊಟ್ಟಿದ್ದ ಡ್ರೈವರಿಗೆ ಮಾಡ್‌ಇನ್ಫೋ (ಮಾಡ್ಯೂಲಿನ ವಿವರ ತೋರಿಸುವ ಕಮಾಂಡ್) ಹೊಡೆದರೆ 'ಐ2ಸಿ:' ಅಲಿಯಾಸ್ ಒಂದೇ ಇತ್ತು. ಹಾಗಾಗಿ ಇದು ಯಾರ ಡಿವೈಸ್ ಅಂತ ಯುಡೆವ್‌ಗೆ ಗೊತ್ತಾಗಲೇ ಇಲ್ಲ. ಕೈಯಾರೆ ಲೋಡ್ ಮಾಡಿದಾಗ ನಡೆದದ್ದು ಯಾಕೆ? ಐ2ಸಿ ಬಸ್ ಮೊದಲು ಕಂಪ್ಯಾಟಿಬಲ್ ನೋಡುತ್ತದೆ, ಅದು ಸಿಗದಿದ್ದರೆ ಕೊನೆಗೆ ವೆಂಡರ್ ಭಾಗ ಬಿಟ್ಟು ಉಳಿದ ಹೆಸರನ್ನು ಡ್ರೈವರಿನ ಹಳೇ ಐಡಿ ಟೇಬಲ್‌ನಲ್ಲಿ ಹುಡುಕುತ್ತದೆ. ಡ್ರೈವರನ್ನು ಕರ್ನಲ್ ಒಳಗೇ ಸೇರಿಸಿ ಕಟ್ಟಿದರಂತೂ ಈ ತೊಂದರೆ ಕಾಣುವುದೇ ಇಲ್ಲ. ಬಹುಶಃ ಮಾರಿದವರು ಪರೀಕ್ಷಿಸಿದ್ದೂ ಹಾಗೇ ಇರಬೇಕು.

ಸರಿಮಾಡಲು ಹಿಡಿದದ್ದು ಕೆಲವೇ ಸಾಲು. ಕಂಪ್ಯಾಟಿಬಲ್ ಹೆಸರಿರುವ ಒಂದು ಟೇಬಲ್, ಅದರ ಕೊನೆಗೆ ಖಾಲಿ ಎಂಟ್ರಿ (ಇದನ್ನು ಬಿಟ್ಟರೆ ಕರ್ನಲ್ ಟೇಬಲ್ ದಾಟಿ ಓದುತ್ತಾ ಹೋಗುತ್ತದೆ), ಆ ಹೆಸರನ್ನು ಅಲಿಯಾಸ್ ಆಗಿಸುವ ಮಾಡ್ಯೂಲ್ ಡಿವೈಸ್ ಟೇಬಲ್ ಮ್ಯಾಕ್ರೋ, ಡ್ರೈವರ್ ಸ್ಟ್ರಕ್ಚರಿನಲ್ಲಿ ಆ ಟೇಬಲಿನ ಉಲ್ಲೇಖ. ಮತ್ತೆ ಕಂಪೈಲ್ ಮಾಡಿ, ಅಲಿಯಾಸ್ ಪಟ್ಟಿ ಹೊಸದು ಮಾಡುವ ಡೆಪ್‌ಮಾಡ್ ಓಡಿಸಿದೆ. ಅಷ್ಟೇ, ಬೂಟ್ ಆಗುತ್ತಲೇ 'ಯುಯು'.

ಡಿವೈಸ್ ಟ್ರೀಯ ಇನ್ನೊಂದು ಕಿರಿಕಿರಿ: ಪ್ರಾಪರ್ಟಿ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಸಾಮಾನ್ಯವಾಗಿ ಯಾರೂ ಬೈಯುವುದಿಲ್ಲ, ಸುಮ್ಮನೆ ಬಿಟ್ಟುಬಿಡುತ್ತಾರೆ.

ನನ್ನ ಹತ್ತಿರ ದುಬಾರಿ ಲಾಜಿಕ್ ಅನಲೈಸರ್ (ತಂತಿಯ ಮೇಲಿನ ಸಿಗ್ನಲ್ ನೋಡುವ ಉಪಕರಣ) ಇಲ್ಲ, ಬೋರ್ಡ್ ಬದಲಿಸುವ ಚಟ ಜಾಸ್ತಿ. ಹಾಗಾಗಿ ವೈರಿಂಗ್ ಎಲ್ಲ ಒಂದು ಟೆಕ್ಸ್ಟ್ ಫೈಲಿನಲ್ಲಿ ಇರೋದು ನನಗೆ ಬೇಕು. ನೀವು ಎಸಿಪಿಐ (ಡಿವೈಸ್ ಟ್ರೀ ಬದಲು ಹಾರ್ಡ್‌ವೇರ್ ವಿವರ ಕೊಡುವ ಫರ್ಮ್‌ವೇರ್ ಪದ್ಧತಿ) ಇರುವ ಪಿಸಿಯಲ್ಲಿ ಒಂದೇ ಒಂದು ಚಿಪ್ ಪರೀಕ್ಷಿಸುತ್ತೀರಾ? ಎಕೋ ಸಾಕು. ಸಿ ಮಾಡ್ಯೂಲ್ ದಾರಿಯನ್ನು, ಬೇರೆ ಗತಿ ಇಲ್ಲದಿದ್ದರೆ ಮಾತ್ರ ಹಿಡಿಯಿರಿ. ಇನ್ನು ಅಗ್ಗದ ಸೆನ್ಸರ್ ಕೊಳ್ಳುವ ಮುಂಚೆ ಅದರ ಡ್ರೈವರ್ ಮೇನ್‌ಲೈನ್ (ಲಿನಕ್ಸಿನ ಅಧಿಕೃತ) ಕರ್ನಲ್‌ನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಸೋರ್ಸ್ ಕೊಡ್ತಾರಾ ಕೇಳಿ. ಬರೀ ಬೈನರಿ ಕೊಟ್ಟಿದ್ದರೆ ಆ ನಾಲ್ಕು ಸಾಲು ಸೇರಿಸೋಕೂ ನನಗೆ ಆಗ್ತಿರಲಿಲ್ಲ, ಅಲ್ವಾ?