ಸೌಂಡ್ ಮೀಟರ್, ಮೂರು ವರ್ಷ ಬಳಸಿದ ಮೇಲೆ: ಎಲ್ಲಾ ಸರಿ, ಆ ಎ-ಸಿ ಬಟನ್ ಒಂದು ಬಿಟ್ಟು

ಹೋಮ್ ಥಿಯೇಟರಿನ ಸ್ಪೀಕರುಗಳ ಸದ್ದು ಅಳೆದು ಸಮ ಮಾಡಲಿಕ್ಕೆ ನಾನು ಬಳಸುವ, ಕೈಯಲ್ಲಿ ಹಿಡಿಯುವ ಸಾಧಾರಣ ಡಿಜಿಟಲ್ ಮೀಟರ್. ತುದಿಗೆ ಕಪ್ಪು ಸ್ಪಂಜಿನ ಟೋಪಿ, ಬೆನ್ನಲ್ಲಿ ಟ್ರೈಪಾಡ್ ಸ್ಕ್ರೂ ಕೂರುವ ತೂತು, ಒಳಗೆ 9 ವೋಲ್ಟ್ ಬ್ಯಾಟರಿ. ಉಳಿದದ್ದೆಲ್ಲ ಡಬ್ಬದ ಮೇಲೇ ಬರೆದಿದೆ.

ಇದರ ಅಂಕಿ ಒಂದೂವರೆ ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಆಚೀಚೆ ಇರಬಹುದು ಅಂತ ನೋಡಿ ಮೂಗು ಮುರಿಯುವವರಿದ್ದಾರೆ. ಸ್ಪೀಕರ್ ಹೊಂದಿಸುವ ಕೆಲಸಕ್ಕೆ ಅದು ಅಡ್ಡಿಯೇ ಅಲ್ಲ. ಮೀಟರ್ ಒಂದು ಡಿಬಿ ಜಾಸ್ತಿ ತೋರಿಸಿದರೆ ಐದೂ ಸ್ಪೀಕರಿಗೆ ಅಷ್ಟೇ ಜಾಸ್ತಿ ತೋರಿಸುತ್ತದೆ. ನಮಗೆ ಬೇಕಾಗಿರುವುದು ಐದೂ ಸಮ ಇರುವುದು. ರಿಸೀವರ್ (ಸ್ಪೀಕರುಗಳಿಗೆಲ್ಲ ಸದ್ದು ಹಂಚುವ ಪೆಟ್ಟಿಗೆ) ಹೊರಡಿಸುವ ಟೆಸ್ಟ್ ಟೋನ್‌ಗೆ ಸಾಮಾನ್ಯವಾಗಿ ಹಿಡಿಯುವ ಗುರಿ ವಾಲ್ಯೂಮ್ 0ಯಲ್ಲಿ 75 ಡಿಬಿ. ಇಲ್ಲಿ 0 ಅಂದರೆ ಮೌನ ಅಲ್ಲ, ಜೋರಿನ ಮಟ್ಟ; ಮೈನಸ್ ಹೆಚ್ಚಾದಷ್ಟೂ ಸದ್ದು ಕಮ್ಮಿ. ಹಾಗೆ ಹೊಂದಿಸಿದರೆ ಒಂದೊಂದು ಸ್ಪೀಕರಿನ ಗರಿಷ್ಠ 105 ಡಿಬಿ ಮುಟ್ಟುತ್ತದೆ. ಮನೆಯಲ್ಲಿ ಅಷ್ಟು ಜೋರಾಗಿ ಯಾರು ನೋಡ್ತಾರೆ? ನನ್ನ ವಾಲ್ಯೂಮ್ -18 ದಾಟುವುದೇ ಅಪರೂಪ. ಆದರೂ 75ಕ್ಕೇ ಅಳೆಯುತ್ತೇನೆ, ಕೋಣೆಯ ಸಹಜ ಗದ್ದಲಕ್ಕಿಂತ ಸಾಕಷ್ಟು ಮೇಲಿದ್ದರೆ ಮಾತ್ರ ಅಂಕಿ ನಂಬಬಹುದು ಅಂತ.

ಈ ಮೀಟರಿನ ಜೊತೆ ಕೂರುವ ಇಪ್ಪತ್ತು ನಿಮಿಷ ನನಗೆ ನಿಜಕ್ಕೂ ಇಷ್ಟ. ಫ್ಯಾನ್ ಆಫ್, ಕಿಟಕಿ ಮುಚ್ಚು. ಟ್ರೈಪಾಡನ್ನು ಕೂರುವ ಜಾಗದಲ್ಲೇ ಇಟ್ಟು, ಮೈಕನ್ನು ಕಿವಿಯ ಎತ್ತರಕ್ಕೆ ತಂದು, ಮೂತಿ ಸೀದಾ ಚಾವಣಿಯ ಕಡೆಗೆ ತಿರುಗಿಸಬೇಕು. ಒಂದೊಂದು ಸ್ಪೀಕರಿನ ಕಡೆ ತಿರುಗಿಸುತ್ತಾ ಹೋದರೆ ಪ್ರತಿ ಸಲ ಜಾಗ ಒಂದಿಷ್ಟು ಕದಲುತ್ತದೆ. ಸೋಫಾದ ಒರಗು ಮೈಕಿಗಿಂತ ಎತ್ತರ ಇದ್ದರೆ ಹಿಂದಿನ ಸ್ಪೀಕರಿನ ಸದ್ದಿಗೆ ಅದೇ ಗೋಡೆ. ನಾಲ್ಕು ಬೆರಳು ಮೇಲೆತ್ತಿ. ಮೀಟರನ್ನು ಕೈಯಲ್ಲಿ ಹಿಡಿಯಬೇಡಿ, ಎದೆಗೆ ಬಡಿದು ವಾಪಸ್ ಬರುವ ಸದ್ದೂ ಅಂಕಿಗೆ ಸೇರುತ್ತದೆ. ಅಳೆಯುವ ಮುಂಚೆ ರಿಸೀವರಿನಲ್ಲಿ ಒಂದೊಂದು ಸ್ಪೀಕರಿನ ದೂರದ ಅಳತೆ ತುಂಬಿ, ಸದ್ದಿನ ಏರಿಳಿತ ತಗ್ಗಿಸುವ ನೈಟ್ ಮೋಡ್, ಡೈನಾಮಿಕ್ ವಾಲ್ಯೂಮ್ ಎರಡನ್ನೂ ಆಫ್ ಮಾಡಿ. ಆಮೇಲೆ ಒಂದೊಂದೇ ಚಾನೆಲ್: ಸುಯ್ಯನೆ ಟೋನ್ ಬರುತ್ತದೆ, ಅಂಕಿ 73.4, 73.8 ಅಂತ ಆಡಿ ನಿಲ್ಲುತ್ತದೆ, ರಿಸೀವರಿನಲ್ಲಿ ಆ ಚಾನೆಲ್ಲಿನ ಟ್ರಿಮ್ (ಆ ಸ್ಪೀಕರಿನದಷ್ಟೇ ಮಟ್ಟ) ಅರ್ಧರ್ಧ ಡಿಬಿ ಏರಿಸುತ್ತಾ 75ಕ್ಕೆ ತಂದು ಮುಂದಿನದಕ್ಕೆ. ಹತ್ತಿರ ಇರುವ ಸರೌಂಡ್ ಸ್ಪೀಕರಿಗೆ ಮೈನಸ್ ನಾಲ್ಕೋ ಐದೋ ಬಂದರೆ ಗಾಬರಿ ಬೇಡ. ಇದಾದ ಮೇಲೆ ಮಾತು ಕೇಳಿಸಲಿಲ್ಲ ಅಂತ ವಾಲ್ಯೂಮ್ ಏರಿಸಿ, ಮರುಕ್ಷಣ ಸ್ಫೋಟ ಬಂತು ಅಂತ ಇಳಿಸುವ ಕಾಟ ಬಹಳ ಕಮ್ಮಿಯಾಗುತ್ತದೆ.

ಇಲ್ಲಿಗೆ ಹೊಗಳಿಕೆ ಮುಗೀತು.

ಯಾವ ಆವರ್ತನವನ್ನು ಎಷ್ಟು ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದೇ ವೇಟಿಂಗ್; ಎ, ಸಿ ಅಂತ ಎರಡಿವೆ, ಬದಲಿಸುವುದು ಆ ಎ-ಸಿ ಬಟನ್. ಈ ಮೀಟರನ್ನು ಆನ್ ಮಾಡಿದಾಗಲೆಲ್ಲ ಅದು ಎ ವೇಟಿಂಗಿನಲ್ಲೇ ಏಳುತ್ತದೆ. ಹಿಂದಿನ ಸಲ ಸಿ ಇಟ್ಟಿದ್ದೆ ಅನ್ನುವ ನೆನಪು ಅದಕ್ಕಿಲ್ಲ. ಸಾಲದ್ದಕ್ಕೆ ಕೆಲ ನಿಮಿಷ ಬಟನ್ ಒತ್ತದಿದ್ದರೆ ತಾನೇ ಆಫ್ ಆಗಿಬಿಡುತ್ತದೆ. ಮತ್ತೆ ಆನ್ ಮಾಡಿದರೆ ಮತ್ತೆ ಎ. ಎದುರಿನ ಸ್ಪೀಕರುಗಳ ಮಟ್ಟಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ರಿಸೀವರಿನ ಟೋನ್ ಹೆಚ್ಚಾಗಿ ಮಧ್ಯದ ಆವರ್ತನಗಳದ್ದೇ. ಕೆಳಗಿನ ಬಾಸ್ ಹೊರಡಿಸುವ ಸಬ್‌ವೂಫರಿಗೆ (ಸಬ್) ಬಂದಾಗ ಎಡವಟ್ಟು. ಎ ವೇಟಿಂಗ್ 63 ಹರ್ಟ್ಸ್‌ನಲ್ಲಿ ಸುಮಾರು 26 ಡಿಬಿ, 31.5 ಹರ್ಟ್ಸ್‌ನಲ್ಲಿ 39 ಡಿಬಿ ಕಡಿತ ಮಾಡಿ ತೋರಿಸುತ್ತದೆ. ಸಿ ಆದರೆ 63ರಲ್ಲಿ ಒಂದು ಡಿಬಿಯೂ ಇಲ್ಲ, 31.5ರಲ್ಲಿ ಮೂರು. ಎ ಇಟ್ಟುಕೊಂಡು ಸಬ್ ಅಳೆದವರು ಟ್ರಿಮ್ಮನ್ನು ಕೊನೆಯವರೆಗೂ ಏರಿಸುತ್ತಾರೆ, ಅದೂ ಸಾಲದೆ ಸಬ್ಬಿನ ಹಿಂದಿನ ಗೇನ್ ಗುಂಡಿ ತಿರುಗಿಸುತ್ತಾರೆ, ಕೊನೆಗೆ ಮನೆಯ ಗಾಜೆಲ್ಲ ಗದಗದ. ಟ್ರಿಮ್ +12 ಮುಟ್ಟಿದರೂ 75 ಬರುತ್ತಿಲ್ಲ ಅಂದರೆ ಮೊದಲು ಪರದೆಯ ಮೂಲೆ ನೋಡಿ. ಆ ಅಕ್ಷರ ಎಳ್ಳಿನಷ್ಟಿದೆ, ಹಿಂದೆ ಬೆಳಕೂ ಇಲ್ಲ. ಟ್ರೈಪಾಡ್ ಮೇಲಿದ್ದಾಗ ಬಗ್ಗಿ ಇಣುಕಲೇಬೇಕು.

ಸಿ ಇಟ್ಟರೂ ಸಬ್ಬಿನ ಅಂಕಿ ಮೂರ್ನಾಲ್ಕು ಡಿಬಿ ಕುಣಿಯುತ್ತದೆ. ಅದು ಮೀಟರಿನ ತಪ್ಪಲ್ಲ, ಗಡಗಡ ಟೋನಿನ ಸ್ವಭಾವವೇ ಅದು. ಅಂಕಿ ನಿಧಾನ ಬದಲಾಗುವಂತೆ ಮೀಟರಿನ ಸ್ಲೋ ಒತ್ತಿ, ಅರ್ಧ ನಿಮಿಷ ನೋಡಿ, ನಡುವಿನ ಅಂಕಿ ಹಿಡಿಯಿರಿ. ಅತಿ ಹೆಚ್ಚಿನ ಅಂಕಿಯನ್ನೇ ಹಿಡಿದಿಡುವ ಮ್ಯಾಕ್ಸ್ ಹೋಲ್ಡ್ ಆಫ್ ಇರಲಿ. ಗೇನ್ ಗುಂಡಿ ಅರ್ಧಕ್ಕಿಟ್ಟು, ಸಬ್ಬಿನದೇ ಕ್ರಾಸ್ಓವರ್ ಗುಂಡಿಯನ್ನು (ಸಬ್ ಯಾವ ಆವರ್ತನದವರೆಗೆ ನುಡಿಯಬೇಕು ಅನ್ನುವುದು) ಪೂರ್ತಿ ಬಲಕ್ಕೆ ತಿರುಗಿಸಿ ಶುರುಮಾಡಿದರೆ ರಿಸೀವರಿನ ಟ್ರಿಮ್ ಸೊನ್ನೆಯ ಆಸುಪಾಸಿನಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು. ಟ್ರಿಮ್ -12ಕ್ಕೆ ತಾಗಿ ನಿಂತರೆ ಗೇನ್ ಇಳಿಸಿ ಮತ್ತೆ ಅಳೆಯಬೇಕು.

ರಿಸೀವರೇ ತಾನಾಗಿ ಸ್ಪೀಕರು ಹೊಂದಿಸಿಕೊಳ್ಳುವ ಆಟೋ ಕ್ಯಾಲಿಬ್ರೇಶನ್ ಮೈಕ್ ಇರುವಾಗ ಇದ್ಯಾಕೆ ಅನ್ನುವವರಿಗೆ: ಅದು ಮಾಡಿದ ಲೆಕ್ಕ ಸರಿಯೇ ಅಂತ ನೋಡಲಿಕ್ಕೆ. ಒಂದು ಎಚ್ಚರ, ಹಲವು ರಿಸೀವರುಗಳಲ್ಲಿ ಒಳಗಿನ ಟೋನ್ ರೂಮ್ ಈಕ್ಯೂ (ಕೋಣೆಗೆ ತಕ್ಕಂತೆ ಸದ್ದು ತಿದ್ದುವ ವ್ಯವಸ್ಥೆ) ಒಳಗೆ ಹಾಯದೆ ನೇರವಾಗಿ ಬರುತ್ತದೆ. ಈಕ್ಯೂ ಸಮೇತ ನೋಡಬೇಕಾದರೆ ಟೆಸ್ಟ್ ಡಿಸ್ಕ್ ಹಾಕಿ, ಟೋನ್ -30 ಡಿಬಿಯಲ್ಲಿ (ಡಿಸ್ಕಿನ ಗರಿಷ್ಠಕ್ಕಿಂತ ಅಷ್ಟು ಕೆಳಗೆ) ರೆಕಾರ್ಡ್ ಆಗಿದೆಯೋ -20ರಲ್ಲೋ ಅಂತ ಮೊದಲು ಓದಿಕೊಳ್ಳಿ. -30ರದ್ದಾದರೆ ಗುರಿ ಅದೇ 75. -20ರದ್ದಾದರೆ ಗುರಿ 85, ಅದು ಕಿವಿಗೆ ಜೋರು.

ಫೋನ್ ಆ್ಯಪ್ ಸಾಲದಾ? ಐದು ಸ್ಪೀಕರಿಗೆ ಒಂದು ಮಟ್ಟಕ್ಕೆ ಸಾಕು. ಸಬ್ಬಿಗೆ ಆಗದು, ಎಷ್ಟೋ ಫೋನುಗಳು ಕೆಳಗಿನ ಬಾಸನ್ನು ಕತ್ತರಿಸಿಯೇ ಒಳಗೆ ಬಿಡುತ್ತವೆ. ವರ್ಷಕ್ಕೆ ಎರಡು ಸಲ ಬಳಸುವ ವಸ್ತುವಿಗೆ ಇದಕ್ಕಿಂತ ದುಬಾರಿಯದ್ದು ನಾನಂತೂ ಕೊಳ್ಳುವುದಿಲ್ಲ. ಐದರಲ್ಲಿ ಮೂರೂವರೆ ನಕ್ಷತ್ರ. ಕಳೆದ ಒಂದೂವರೆಯೂ ಆ ಬಟನ್ನಿನದೇ. ಬಳಸದಾಗ ಬ್ಯಾಟರಿ ತೆಗೆದಿಡಿ, ಸೋರಿದರೆ ಒಳಗಿನ ತಗಡು ತುಕ್ಕು ಹಿಡಿಯುತ್ತದೆ.