ಓಂ, ಜಪಮಾಲೆ, ಭ್ರಾಮರಿ, ಸಹಸ್ರನಾಮ: ನನಗೆ ಯಾವುದು ಒಗ್ಗಿತು?

ಅಪ್ಪ ಹೋದ ಮೇಲೆ ಎಂಟು ತಿಂಗಳು ರಾತ್ರಿ 3 ಗಂಟೆಗೆ ಸರಿಯಾಗಿ ಎಚ್ಚರವಾಗುತ್ತಿತ್ತು. ಎದೆ ಡವಡವ. ಹಗಲು ಮಾತ್ರ ಏನೂ ಆಗದವನ ಹಾಗೆ ಓಡಾಡಿಕೊಂಡಿದ್ದೆ. ಡಾಕ್ಟರ ಹತ್ತಿರವೂ ಹೋದೆ. ಚಿಕ್ಕಮ್ಮ ಮಾತ್ರ, "ಒಳಗೆ ಕೂತಿದೆ ಕಣೋ, ಜಪ ಮಾಡು" ಅಂದರು.

ಮೊದಲು ಸೋಮಾರಿಯ ದಾರಿ ಹಿಡಿದೆ. ರಾತ್ರಿಯಿಡೀ ಓಡುವ 'ಒಳಮನಸ್ಸು ಶುದ್ಧಿ, 432 ಹರ್ಟ್ಸ್' ವಿಡಿಯೋ. ಅರ್ಧ ರಾತ್ರಿಯಲ್ಲಿ ಸಾಲದ ಜಾಹೀರಾತು ಕಿರುಚಿತು. ಅಲ್ಲಿಗೆ ಮುಗಿಯಿತು.

ಆಮೇಲೆ ತುಳಸಿ ಮಾಲೆ, 108 ಮಣಿ, ಮನಸ್ಸಿನಲ್ಲೇ ಜಪ. ವಾಚಿಕ (ಬಾಯಿಬಿಟ್ಟು), ಉಪಾಂಶು (ತುಟಿ ಮಾತ್ರ ಆಡಿಸಿ), ಮಾನಸ (ಮನಸ್ಸಿನಲ್ಲೇ) ಅಂತ ಮೂರು ಬಗೆ ಇದೆಯಲ್ಲ, ಮಾನಸವೇ ದೊಡ್ಡದು ಅಂತಾರೆ. ದೊಡ್ಡವರಿಗೆ ಇರಬಹುದು. ನಲವತ್ತನೇ ಮಣಿ ಹೊತ್ತಿಗೆ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಬಿಲ್ಲು ಹಿಡಿದು ನಿಂತಿರುತ್ತಿದ್ದೆ, ಬೆರಳು ತನ್ನ ಪಾಡಿಗೆ ಮಣಿ ತಳ್ಳುತ್ತಿತ್ತು, ನಾಮ ಎಲ್ಲಿ ಬಿಟ್ಟುಹೋಯಿತೋ ಗೊತ್ತೇ ಆಗುತ್ತಿರಲಿಲ್ಲ. ತುಟಿ ಆಡಿಸಿದರೆ ಸ್ವಲ್ಪ ವಾಸಿ.

ಬಾಯಿಬಿಟ್ಟು ಓಂ ಹೇಳಿದಾಗ ಮಾತ್ರ ಏನೋ ಬದಲಾಯಿತು. 'ಮ' ಎಳೆದಷ್ಟೂ ಉಸಿರು ಉದ್ದವಾಗುತ್ತದೆ. ಗಡಿಯಾರ ಇಟ್ಟುಕೊಂಡು ಎಣಿಸಿದೆ, ನಿಮಿಷಕ್ಕೆ ಆರು. ಆಮೇಲೆ ಓದಿದರೆ, 2001ರಲ್ಲಿ ಇಟಲಿಯವರು ಲ್ಯಾಟಿನ್ ಪ್ರಾರ್ಥನೆ ಮತ್ತು 'ಓಂ ಮಣಿಪದ್ಮೇ ಓಂ' ಅನ್ನುವ ಮಂತ್ರ ಎರಡನ್ನೂ ಹೇಳಿಸಿ ನೋಡಿದ್ದರಂತೆ, ಎರಡರಲ್ಲೂ ಉಸಿರು ಹೆಚ್ಚುಕಡಿಮೆ ಆರಕ್ಕೇ ಇಳಿದಿತ್ತು! ನಮ್ಮ ನಿಮ್ಹಾನ್ಸ್‌ನವರು 2011ರಲ್ಲಿ ಓಂ ಹೇಳುವವರ ಮೆದುಳನ್ನು ಸ್ಕ್ಯಾನ್ ಮಾಡಿದಾಗ ಭಯ, ಭಾವನೆಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ಇಳಿದಿತ್ತು, 'ಸ್ಸ್ಸ್' ಅಂತ ಹೇಳಿದಾಗ ಹಾಗಾಗಿರಲಿಲ್ಲ. ಇದ್ದವರು 12 ಜನ ಮಾತ್ರ, ಅದಕ್ಕೆ ನಾನು ಜಾಸ್ತಿ ಹಿಗ್ಗಲ್ಲ. ಓಂನ ತೊಂದರೆ ಬೇರೆ: ರಾತ್ರಿ 3ಕ್ಕೆ ಫ್ಲ್ಯಾಟಿನಲ್ಲಿ ಶುರು ಮಾಡಿದರೆ ಮಗು ಏಳುತ್ತದೆ.

ಅದಕ್ಕೇ ಭ್ರಾಮರಿ ಗೆದ್ದಿತು. ಕಿವಿ ಮುಚ್ಚಿ, ಬಾಯಿ ಮುಚ್ಚಿ, ದುಂಬಿಯ ಹಾಗೆ ಗುಂಯ್‌ಗುಡುವುದು. ಹೊರಗೆ ಅಷ್ಟಾಗಿ ಕೇಳಿಸುವುದಿಲ್ಲ, ಒಳಗೆ ತಲೆಬುರುಡೆಯೆಲ್ಲ ನಡುಗುತ್ತದೆ, ಆ ಸದ್ದಿನಲ್ಲಿ ಬೇರೆ ಯೋಚನೆಗೆ ಜಾಗವೇ ಇರುವುದಿಲ್ಲ. ಹೀಗೆ ಗುನುಗಿದಾಗ ಮೂಗಿನಿಂದ ಬರುವ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ 15 ಪಟ್ಟು ಏರುತ್ತದೆ ಅಂತ 2002ರ ಸ್ವೀಡನ್ನಿನ ಅಧ್ಯಯನ ಹೇಳುತ್ತದೆ. ಅದನ್ನು ಒಳಮನಸ್ಸಿಗೆ ಗಂಟು ಹಾಕುವವರಿದ್ದಾರೆ, ನಾನು ಹಾಕಲ್ಲ. ಐದಾರು ಸುತ್ತಿಗೆ ಎದೆಬಡಿತ ಇಳಿಯುತ್ತದೆ, ನನಗೆ ಅಷ್ಟು ಸಾಕು. ಕಿವಿನೋವು ಇದ್ದ ದಿನ ಮಾತ್ರ ಬೇಡ.

ಆದರೆ ಎದೆಬಡಿತ ಇಳಿಯುವುದೇ ಬೇರೆ, ಒಳಗೆ ಕೂತದ್ದು ಅಲುಗುವುದೇ ಬೇರೆ ಅಲ್ವಾ? ಅದನ್ನು ಅಲುಗಿಸಿದ್ದು ವಿಷ್ಣು ಸಹಸ್ರನಾಮ. ಅಪ್ಪ ಶನಿವಾರ ಸ್ನಾನ ಮಾಡಿ, ಒದ್ದೆ ಟವೆಲ್ಲಿನಲ್ಲೇ ಹೇಳುತ್ತಿದ್ದರು. ಒಂದು ಬೆಳಗ್ಗೆ ಸುಮ್ನೆ ಪುಸ್ತಕ ತೆಗೆದು ಹೇಳುತ್ತಾ ಹೋದೆ. ಅವರು ಯಾವಾಗಲೂ ಎಡವುತ್ತಿದ್ದ ಸಾಲಿಗೆ ಬಂದಾಗ ಗಂಟಲು ಕಟ್ಟಿತು, ಎಂಟು ತಿಂಗಳ ಅಳು ಅವತ್ತು ಬಂತು. ಮನೆಯವಳು ಬಾಗಿಲ ಹತ್ತಿರ ಬಂದು ನೋಡಿ, ಸದ್ದಿಲ್ಲದೆ ವಾಪಸ್ ಹೋದಳು.

ಈಗ 3ಕ್ಕೆ ಎಚ್ಚರವಾದರೆ ಭ್ರಾಮರಿ. ಶನಿವಾರ ಸಹಸ್ರನಾಮ. ಆ ಸಾಲಿನಲ್ಲಿ ನಾನೂ ಅಪ್ಪನ ಹಾಗೇ ತಪ್ಪು ಹೇಳುತ್ತೇನೆ.