ಗುಳ್ಳೆ ಏರ್ ಬೆಡ್: ಎಷ್ಟು ನಂಬಬಹುದು, ಎಲ್ಲಿ ಕೈಕೊಡುತ್ತದೆ

ಪಾರ್ಶ್ವವಾಯು ಆದವರನ್ನೋ ಸೊಂಟದ ಮೂಳೆ ಮುರಿದವರನ್ನೋ ಆಸ್ಪತ್ರೆಯಿಂದ ಮನೆಗೆ ಕರೆತರುವಾಗ ಮೆಡಿಕಲ್ ಶಾಪಿನವರು ಮೊದಲು ತೋರಿಸುವುದು ಗುಳ್ಳೆ ಏರ್ ಬೆಡ್. ಬೆಲೆ ಹೆಚ್ಚುಕಡಿಮೆ ಎರಡರಿಂದ ನಾಲ್ಕು ಸಾವಿರ ರೂಪಾಯಿ. ಡಬ್ಬಿಯೊಳಗೆ ಸುಮಾರು 130 ಗುಳ್ಳೆಗಳ ಪಿವಿಸಿ ಹಾಳೆ, ಎರಡು ಕೊಳವೆ, ಊಟದ ಡಬ್ಬಿಯಷ್ಟು ದೊಡ್ಡ ಪಂಪು ಇರುತ್ತವೆ. ಬೆನ್ನು ಹುಣ್ಣು ತಡೆಯಲು ಇದು ನಿಜಕ್ಕೂ ನೆರವಾಗುತ್ತದೆ. ಆದರೆ ‘ಇದನ್ನು ಹಾಕಿದರೆ ಮಗ್ಗಲು ಬದಲಿಸುವ ತಾಪತ್ರಯ ಇಲ್ಲ’ ಎಂದು ಅಂಗಡಿಯವರು ಹೇಳಿದರೆ, ಆ ಮಾತನ್ನು ಅಲ್ಲೇ ಬಿಟ್ಟು ಬನ್ನಿ.

ಇದು ಕೆಲಸ ಮಾಡುವ ರೀತಿ ಸರಳ. ಗುಳ್ಳೆಗಳು ಎರಡು ಗುಂಪು. ಒಂದು ಗುಂಪಿಗೆ ಗಾಳಿ ತುಂಬಿದಾಗ ಇನ್ನೊಂದು ಇಳಿಯುತ್ತದೆ, ಕೆಲವು ನಿಮಿಷಕ್ಕೊಮ್ಮೆ ಇದು ಅದಲುಬದಲು. ಹಾಗಾಗಿ ಬೆನ್ನಿನ ಬುಡದ ಮೂಳೆಯ ಮೇಲಿನ ಚರ್ಮ ಒಂದೇ ಸಮನೆ ಒತ್ತಿಕೊಂಡಿರದೆ, ರಕ್ತ ಓಡಾಡಲು ಆಗಾಗ ಬಿಡುವು ಸಿಗುತ್ತದೆ.

ಸಂಶೋಧನೆ ಏನು ಹೇಳುತ್ತದೆ? ಬ್ರಿಟನ್ನಿನ ‘ಪ್ರೆಶರ್ 2’ ಪ್ರಯೋಗದ ಫಲಿತಾಂಶ 2019ರಲ್ಲಿ ಹೊರಬಂತು. 2,029 ರೋಗಿಗಳಲ್ಲಿ ಕೆಲವರಿಗೆ ಗಾಳಿ ಅದಲುಬದಲಾಗುವ ಹಾಸಿಗೆ, ಉಳಿದವರಿಗೆ ಉತ್ತಮ ದರ್ಜೆಯ ಫೋಮ್ ಹಾಸಿಗೆ ಕೊಟ್ಟು ನೋಡಿದರು. ಚರ್ಮ ಕಿತ್ತುಬರುವಷ್ಟು ಅಥವಾ ಅದಕ್ಕಿಂತ ಆಳದ ಹೊಸ ಹುಣ್ಣು ಗಾಳಿ ಹಾಸಿಗೆಯವರಲ್ಲಿ ಶೇ. 6.9, ಫೋಮಿನವರಲ್ಲಿ ಶೇ. 8.9. ಈ ಅಂತರ ಆಕಸ್ಮಿಕವೂ ಇರಬಹುದು ಎನ್ನುವಷ್ಟು ಚಿಕ್ಕದು. ಇದನ್ನೇ ಹಿಡಿದು ‘ಏರ್ ಬೆಡ್ ದಂಡ’ ಅನ್ನುವವರಿದ್ದಾರೆ. ಅದು ಅವಸರದ ಮಾತು. ಅಲ್ಲಿ ಹೋಲಿಸಿದ್ದು ಆಸ್ಪತ್ರೆಯ ಒಳ್ಳೆಯ ಫೋಮಿನ ಜೊತೆ. ನಮ್ಮ ಮನೆಗಳಲ್ಲಿರುವುದು ಗಂಟುಗಟ್ಟಿದ ಹತ್ತಿ ಹಾಸಿಗೆ, ಇಲ್ಲವೇ ಹಲಗೆಯಂಥ ತೆಂಗಿನ ನಾರಿನ ಹಾಸಿಗೆ. ಪ್ರಯೋಗದಿಂದ ನಾವು ಕಲಿಯಬೇಕಾದ್ದು ಬೇರೆ: ಏರ್ ಬೆಡ್ಡಿನ ಕೆಳಗೆ ಏನಿದೆ ಅನ್ನುವುದೂ ಮುಖ್ಯ. ಗುಳ್ಳೆ ಹಾಳೆ ಮೇಲುಹೊದಿಕೆ ಮಾತ್ರ. ಕರೆಂಟ್ ಹೋದ ರಾತ್ರಿ ಮೈಯ ಭಾರ ಹೊರುವುದು ಕೆಳಗಿನ ಹಾಸಿಗೆಯೇ. ಕೈಯಲ್ಲಿ ಹೆಚ್ಚಿಗೆ ದುಡ್ಡಿದ್ದರೆ ದುಬಾರಿ ಪಂಪಿಗೆ ಸುರಿಯಬೇಡಿ, ನಾಲ್ಕೈದು ಇಂಚಿನ ದಟ್ಟ (ಹೈ ಡೆನ್ಸಿಟಿ) ಫೋಮ್ ತನ್ನಿ.

ಹಾಸುವಾಗಲೇ ಅರ್ಧ ತಪ್ಪುಗಳಾಗುತ್ತವೆ. ಗುಳ್ಳೆ ಮೇಲ್ಮುಖವಾಗಿರಲಿ, ಕೊಳವೆಗಳು ಕಾಲಿನ ಕಡೆ ಬರಲಿ. ತುದಿಯ ಪಟ್ಟಿಗಳನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ಮಡಚಿ. ಪಂಪನ್ನು ಮಂಚದ ಕಾಲ್ತುದಿಯ ಕಂಬಿಗೆ ನೇತುಹಾಕಿ. ನೆಲದ ಮೇಲಿಟ್ಟರೆ ಒರೆಸುವ ನೀರು ತಾಗುತ್ತದೆ, ಧೂಳೆಳೆದು ಫಿಲ್ಟರ್ ಕಟ್ಟುತ್ತದೆ. ರೋಗಿಯನ್ನು ಮಲಗಿಸುವ ಮೊದಲು ಒತ್ತಡದ ಗುಂಡಿಯನ್ನು ಹೆಚ್ಚಿನ ತುದಿಗೆ ಪೂರ್ತಿ ತಿರುಗಿಸಿ, ಅರ್ಧ ಗಂಟೆ ಪಂಪು ಓಡಿಸಿ ಗುಳ್ಳೆ ತುಂಬಿಸಿ. ಆಮೇಲೆ ಮೇಲೊಂದು ತೆಳು ಹತ್ತಿ ಬೆಡ್‌ಶೀಟು, ಅದೂ ಸಡಿಲವಾಗಿ. ರಬ್ಬರ್ ಶೀಟು, ಅದರ ಮೇಲೆ ಕಂಬಳಿ, ಅದರ ಮೇಲೆ ಎರಡು ಮಡಿಕೆ ಸೀರೆ ಅಂತ ಪೇರಿಸಿದರೆ ಗುಳ್ಳೆಯ ಏರಿಳಿತ ಚರ್ಮಕ್ಕೆ ತಲುಪುವುದೇ ಇಲ್ಲ. ಪಿವಿಸಿ ಮೊದಲೇ ಬೆವರು ಹೀರದ ವಸ್ತು. ಕರಾವಳಿಯ ಸೆಕೆಯಲ್ಲಾಗಲಿ ಕಲಬುರಗಿಯ ಬೇಸಿಗೆಯಲ್ಲಾಗಲಿ ರಬ್ಬರ್ ಶೀಟೂ ಸೇರಿದರೆ ಬೆನ್ನು ಬೆಂದಂತಾಗಿ, ನೆನೆದ ಚರ್ಮ ಬೇಗ ಸುಲಿಯುತ್ತದೆ.

ಇನ್ನು ಒತ್ತಡ. ಗುಂಡಿಯ ಸುತ್ತ ಬರೆದ ಕಿಲೋ ಲೆಕ್ಕ ಅಂದಾಜಿಗೆ ಮಾತ್ರ, ನಿಜವಾದ ಅಳತೆ ನಿಮ್ಮ ಕೈ. ರೋಗಿ ಅಂಗಾತ ಮಲಗಿರುವಾಗ ಏರ್ ಬೆಡ್ಡಿಗೂ ಕೆಳಗಿನ ಹಾಸಿಗೆಗೂ ನಡುವೆ, ಸರಿಯಾಗಿ ಪೃಷ್ಠದ ಅಡಿಗೆ, ಅಂಗೈ ಮೇಲೆ ಮಾಡಿ ತೂರಿಸಿ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು, ಎರಡೂವರೆ ಸೆಂಟಿಮೀಟರಿನಷ್ಟಾದರೂ ಗಾಳಿಯ ಮೆತ್ತೆ ಉಳಿದಿರಬೇಕು. ಗುಳ್ಳೆ ಕಲ್ಲಿನಂತಿದ್ದು ಮೈ ಅದರ ಮೇಲೆ ತೇಲುತ್ತಿದ್ದರೆ ಗಾಳಿ ಜಾಸ್ತಿ. ನಲವತ್ತೈದು ಕಿಲೋದ ಅಜ್ಜಿಗೂ ಗುಂಡಿಯನ್ನು ತುದಿಗೆ ತಿರುಗಿಸಿಟ್ಟ ಮನೆಗಳು ಎಷ್ಟೋ. ತಲೆಯ ಕಡೆ ಮಂಚ ಎತ್ತಿದಾಗ ಭಾರವೆಲ್ಲ ಪೃಷ್ಠಕ್ಕೆ ಇಳಿಯುತ್ತದೆ, ಆಗ ಮತ್ತೊಮ್ಮೆ ಕೈ ಹಾಕಿ ನೋಡಿ. ಎತ್ತುವುದು 30 ಡಿಗ್ರಿ ಒಳಗಿರಲಿ. ಅದಕ್ಕಿಂತ ಮೇಲಾದರೆ ನುಣುಪು ಹಾಳೆಯ ಮೇಲೆ ಮೈ ಕೆಳಕ್ಕೆ ಜಾರುತ್ತದೆ. ಚರ್ಮ ಅಲ್ಲೇ ಅಂಟಿಕೊಂಡು ಮೂಳೆ ಮಾತ್ರ ಸರಿದಾಗ ಒಳಗಿನ ರಕ್ತನಾಳ ಹಿಂಡಿದಂತಾಗುತ್ತದೆ. ಊಟ ಮಾಡಿಸಲು ಎತ್ತಿದರೆ ಮುಗಿದ ಮೇಲೆ ಇಳಿಸಲು ಮರೆಯಬೇಡಿ.

ಕೆಡುವುದು ಎಲ್ಲಿ? ಹೆಚ್ಚಾಗಿ ಗುಳ್ಳೆಯ ಅಂಚಿನ ಬೆಸುಗೆಯಲ್ಲಿ. ಸೋಪಿನ ನೀರು ಸವರಿದರೆ ಸೋರುವ ಜಾಗದಲ್ಲಿ ನೊರೆ ಏಳುತ್ತದೆ, ಪ್ಯಾಚ್ ಅಂಟಿಸಿ ಒಂದು ದಿನ ಒಣಗಲು ಬಿಡಿ. ಪಿನ್ನು, ಬಳೆ, ಬೆಕ್ಕಿನ ಉಗುರು ದೂರವಿರಲಿ. ಎರಡನೆಯದು ಮೋಸದ ರೋಗ: ಪಂಪು ಗುಂಯ್‌ಗುಡುತ್ತದೆ, ಗುಳ್ಳೆ ತುಂಬಿರುತ್ತದೆ, ಅದಲುಬದಲು ಮಾತ್ರ ನಿಂತಿರುತ್ತದೆ. ವಾರಕ್ಕೊಮ್ಮೆ ಪಕ್ಕಪಕ್ಕದ ಎರಡು ಸಾಲಿನ ಮೇಲೆ ಕೈಯಿಟ್ಟು ಕಾಲು ಗಂಟೆ ಕಾದು ನೋಡಿ. ಒಂದು ಗಟ್ಟಿ ಒಂದು ಮೆತ್ತಗೆ ಆಗಿ, ಆಮೇಲೆ ತಿರುವುಮುರುವು ಆಗಬೇಕು. ಆಗದಿದ್ದರೆ ಮೊದಲು ಕೊಳವೆ ಮಂಚಕ್ಕೂ ಹಾಸಿಗೆಗೂ ನಡುವೆ ಸಿಕ್ಕಿ ಮಡಚಿದೆಯೇ ನೋಡಿ, ಅದಲ್ಲವಾದರೆ ಪಂಪಿನೊಳಗಿನ ಕವಾಟ ಹೋಗಿರಬಹುದು. ವಾರಂಟಿ ಸಾಮಾನ್ಯವಾಗಿ ಪಂಪಿಗಷ್ಟೇ, ಹಾಳೆಗಿಲ್ಲ. ಬಿಲ್ಲು ಕೇಳಿ ಪಡೆಯಿರಿ.

ಕರೆಂಟ್ ಹೋದರೆ ಗಾಳಿ ಪಂಪಿನ ಮೂಲಕವೇ ಹಿಂದಕ್ಕೆ ಸೋರತೊಡಗುತ್ತದೆ. ಎರಡೂ ಕೊಳವೆ ಮಡಚಿ ಬಟ್ಟೆ ಕ್ಲಿಪ್ ಹಾಕಿದರೆ ತಕ್ಕಮಟ್ಟಿಗೆ ನಿಲ್ಲುತ್ತದೆ. ಪಂಪು ಎಳೆಯುವುದು ಹತ್ತು ವ್ಯಾಟಿನ ಆಸುಪಾಸು, ಮನೆಯ ಇನ್ವರ್ಟರಿಗೆ ಅದು ಲೆಕ್ಕಕ್ಕೇ ಇಲ್ಲ. ಇನ್ವರ್ಟರ್ ಲೈನಿರುವ ಪಾಯಿಂಟಿಗೇ ಸಿಕ್ಕಿಸಿ.

ಮಗ್ಗಲು ಬದಲಿಸುವ ವಿಚಾರಕ್ಕೆ ಬಂದರೆ, ಇದು ನರ್ಸಿಂಗಿನ ಪ್ರಶ್ನೆಯಷ್ಟೇ ಅಲ್ಲ. ಎರಡು ಗಂಟೆಗೊಮ್ಮೆ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯುವುದು ಸುಲಭ. ಹಗಲು ಅಡುಗೆ, ಮಕ್ಕಳು, ರಾತ್ರಿ ಅಲಾರಂ ಇಟ್ಟು ಏಳುವುದು, ಇದೆಲ್ಲ ಬಹಳಷ್ಟು ಮನೆಗಳಲ್ಲಿ ಒಬ್ಬ ಸೊಸೆ ಅಥವಾ ಮಗಳ ತಲೆಗೇ ಬರುತ್ತದೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರು ರಾತ್ರಿ ಪಾಳಿ ಯಾರದು, ಬದಲಿ ಯಾರು ಎಂದು ಕೇಳುವುದು ಅದಕ್ಕೇ. ಅಮೆರಿಕ ಮತ್ತು ಕೆನಡಾದ ವೃದ್ಧಾಶ್ರಮಗಳಲ್ಲಿ 942 ಮಂದಿಯನ್ನು ಮೂರು ವಾರ ಗಮನಿಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 2, 3, 4 ಗಂಟೆಗೊಮ್ಮೆ ಮಗ್ಗಲು ಬದಲಿಸಿದವರ ನಡುವೆ ಹುಣ್ಣಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅವರೆಲ್ಲ ದಟ್ಟ ಫೋಮಿನ ಮೇಲಿದ್ದರು, ಮೊದಲೇ ಹುಣ್ಣು ಇರಲಿಲ್ಲ. ಅಂಥ ಸ್ಥಿತಿಯಲ್ಲಿರುವವರಿಗೆ ರಾತ್ರಿಯ ಅಂತರ ಹಿಗ್ಗಿಸಬಹುದೇ ಎಂದು ನರ್ಸನ್ನು ಕೇಳಲು ಇದು ಸಾಕಷ್ಟು ಆಧಾರ. ಐರ್ಲೆಂಡಿನ 2011ರ ಅಧ್ಯಯನದಲ್ಲಿ ರಾತ್ರಿ 3 ಗಂಟೆಗೊಮ್ಮೆ 30 ಡಿಗ್ರಿ ವಾಲಿಸಿದವರಲ್ಲಿ ಶೇ. 3 ಮಂದಿಗೆ ಹುಣ್ಣಾದರೆ, 6 ಗಂಟೆಗೊಮ್ಮೆ ಪೂರ್ತಿ ಪಕ್ಕಕ್ಕೆ ಮಲಗಿಸಿದವರಲ್ಲಿ ಶೇ. 11 ಮಂದಿಗೆ ಆಯಿತು. ವಾಲಿಸುವುದು ಅಂದರೆ ಬೆನ್ನಿನ ಹಿಂದೆ ಒಂದು ದಿಂಬು ಒತ್ತಿ, ಒಂದು ಪೃಷ್ಠ ಮಾತ್ರ ಹಾಸಿಗೆಯಿಂದ ಮೇಲೇಳುವಂತೆ ಮಾಡುವುದು. ಒಬ್ಬರೇ ಮಾಡಬಹುದು, ರೋಗಿಗೆ ನಿದ್ದೆಯೂ ಪೂರ್ತಿ ಕೆಡುವುದಿಲ್ಲ.

ಏರ್ ಬೆಡ್ಡಿನ ಕೈಗೆ ಸಿಗದ ಜಾಗ ಹಿಮ್ಮಡಿ. ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿರುವಂತೆ ಬಿಡಿ. ನಡುವೆ ತೂತಿರುವ ರಿಂಗ್ ಕುಶನ್ ಬೇಡ, ಅದು ಸುತ್ತಲಿನ ರಕ್ತ ಸಂಚಾರವನ್ನೇ ತಡೆಯುತ್ತದೆ. ಕೆಂಪಾದ ಜಾಗಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುವುದೂ ಬೇಡ. ಹುಣ್ಣಿನ ಮೊದಲ ಸೂಚನೆ ‘ಕೆಂಪು’ ಎಂದು ಪುಸ್ತಕದಲ್ಲಿದ್ದರೂ ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಅದು ಎದ್ದು ಕಾಣುವುದಿಲ್ಲ. ಪಕ್ಕದ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ನೋವೇ, ನೇರಳೆ ಛಾಯೆ ಇದೆಯೇ ಎಂದು ಕಣ್ಣಿಂದಷ್ಟೇ ಅಲ್ಲ, ಕೈಯಿಂದ ಮುಟ್ಟಿಯೂ ನೋಡಬೇಕು.

ಬೆನ್ನುಮೂಳೆ ಮುರಿದು ಇನ್ನೂ ಭದ್ರವಾಗದವರಿಗೆ ವೈದ್ಯರನ್ನು ಕೇಳದೆ ಇದನ್ನು ಹಾಸಬೇಡಿ. ತಾವಾಗಿ ಎದ್ದು ಓಡಾಡುವವರಿಗೂ ಇದು ಬೇಡ, ಅಂಚು ಮೆತ್ತಗಿರುವುದರಿಂದ ಏಳುವಾಗ ಜಾರಿ ಬೀಳುತ್ತಾರೆ. ಕೆಲವೇ ವಾರಕ್ಕೆ ಬೇಕಿದ್ದರೆ ನೆಂಟರ ಮನೆಯ ಹಳೆಯದಾದರೂ ಸಾಕು. ಸೌಮ್ಯ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ತುಂಬಿಸಿಟ್ಟು ಒಂದು ರಾತ್ರಿ ಪಂಪು ಓಡಿಸಿ, ಬೆಳಿಗ್ಗೆ ಪ್ರತಿ ಸಾಲನ್ನೂ ಒತ್ತಿ ನೋಡಿದ ಮೇಲೆಯೇ ಅದರ ಮೇಲೆ ರೋಗಿಯನ್ನು ಮಲಗಿಸಿ.